"ಗೂಗಲ್‌ನಲ್ಲಿ ಬರ್ತಿಲ್ಲ": ಕ್ರಾಲ್, ಇಂಡೆಕ್ಸ್, ರ‍್ಯಾಂಕ್‌ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕನ್ನಡದಲ್ಲಿ ಬ್ಲಾಗು, ಜಾಲತಾಣ ನಡೆಸುವವರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕೆಲಸ ಮೂರು ಪದಗಳ ಹತ್ತಿರ ನಿಂತಿದೆ: ಕ್ರಾಲ್, ಇಂಡೆಕ್ಸ್, ರ‍್ಯಾಂಕ್. ಆಡುಮಾತಿನಲ್ಲಿ ಮೂರಕ್ಕೂ ಸೇರಿ "ಬರು" ಒಂದೇ ಕ್ರಿಯಾಪದ. "ನಮ್ಮ ಲೇಖನ ಗೂಗಲ್‌ನಲ್ಲಿ ಬರ್ತಿಲ್ಲ" ಎಂದರೆ ಯಂತ್ರ ಆ ಪುಟದತ್ತ ಸುಳಿದೇ ಇಲ್ಲವೋ, ಓದಿಯೂ ತನ್ನ ಪಟ್ಟಿಗೆ ಸೇರಿಸಿಕೊಂಡಿಲ್ಲವೋ, ಸೇರಿಸಿಕೊಂಡು ಯಾರೂ ಇಳಿದು ನೋಡದ ತಳದಲ್ಲಿ ಇಟ್ಟಿದೆಯೋ ತಿಳಿಯುವುದಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಹೆಸರು ಬೇರೆಯಾಗದಿದ್ದರೆ ಮದ್ದು ಹೇಳುವುದೂ ಕಷ್ಟ.

ಕರಡಿನಲ್ಲಿ ಸದ್ಯ "ತೆವಳು", "ಸೂಚೀಕರಿಸು", "ಶ್ರೇಯಾಂಕ" ಎಂದಿದೆ. ಒಂದೂ ಒಗ್ಗುತ್ತಿಲ್ಲ. ಇದರ ಜೊತೆಗೆ, ಸರ್ಚ್‌ಗೆ "ಶೋಧ" ಸರಿಯೋ "ಹುಡುಕಾಟ" ಸರಿಯೋ? ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಫೀಡಿಗೆ (ತೆರೆದ ಕೂಡಲೇ ಎದುರಿಗೆ ಬರುವ ಪೋಸ್ಟುಗಳ ಸಾಲಿಗೆ) ಏನಾದರೂ ಇದೆಯೇ?

ಉತ್ತರ 1

ಇಂಡೆಕ್ಸ್‌ನಿಂದ ಶುರು ಮಾಡೋಣ, ಏಕೆಂದರೆ ಅದಕ್ಕೆ ಪದ ಆಗಲೇ ನಮ್ಮ ಪುಸ್ತಕಗಳಲ್ಲಿದೆ. ಪುಸ್ತಕದ ಮೊದಲಲ್ಲಿ ಪರಿವಿಡಿ, ಕೊನೆಯಲ್ಲಿ ಪದಸೂಚಿ. ಪರಿವಿಡಿ ಅಧ್ಯಾಯಗಳನ್ನು ಸಾಲಾಗಿ ಹೇಳುತ್ತದೆ. ಪದಸೂಚಿ ತಿರುವುಮುರುವು: ಮೊದಲು ಪದ, ಅದರ ಎದುರು ಆ ಪದ ಇರುವ ಪುಟಗಳು. ಸರ್ಚ್ ಎಂಜಿನ್ನಿನ ಒಳಗಿರುವುದು ಈ ಎರಡನೆಯದು. ನಾವು "ಮಳೆಗಾಲ" ಎಂದು ಬರೆದಾಗ ಅದು ಜಗತ್ತಿನ ಪುಟಗಳನ್ನೆಲ್ಲ ಆಗ ಓದಲು ಕೂರುವುದಿಲ್ಲ, ಮೊದಲೇ ಮಾಡಿಟ್ಟ ಸೂಚಿಯಲ್ಲಿ ಆ ಪದದ ಎದುರು ಏನಿದೆ ಎಂದು ನೋಡುತ್ತದೆ. ಹಾಗಾಗಿ "ಸೂಚಿಗೆ ಸೇರು", "ಸೂಚಿಗೆ ಸೇರಿಸು", "ಸೂಚಿಯಿಂದ ತೆಗೆ" ಎಂದರೆ ಸಾಕು. "ಸೂಚೀಕರಿಸು" ಯಾರ ಬಾಯಿಗೂ ಬಾರದ ಪದ.

ಇನ್ನೊಂದು ಲಾಭವಿದೆ. ತಾಣದ ಪುಟಗಳ ವಿಳಾಸಪಟ್ಟಿಯಾದ ಸೈಟ್‌ಮ್ಯಾಪ್‌ಗೆ "ಪರಿವಿಡಿ" ಎನ್ನಬಹುದು. ಒಂದು ಸೈಟ್‌ಮ್ಯಾಪ್ ಕಡತದಲ್ಲಿ 50,000 ವಿಳಾಸಗಳು ಹಿಡಿಸುತ್ತವೆ, ಕುಗ್ಗಿಸದ ಗಾತ್ರ 50 ಎಂಬಿ ಮೀರಬಾರದು. ಅದನ್ನು ಕೊಟ್ಟ ಕೂಡಲೇ ಎಲ್ಲ ಪುಟಗಳೂ ಫಲಿತಾಂಶದಲ್ಲಿ ಕಾಣುತ್ತವೆ ಎಂದು ನಂಬಿದವರು ಬಹಳ. ಪರಿವಿಡಿ ಕೊಟ್ಟ ಮಾತ್ರಕ್ಕೆ ಪದಸೂಚಿ ತಯಾರಾಗುವುದಿಲ್ಲ ಎಂದರೆ ಪುಸ್ತಕ ಮಾಡಿದವರಿಗೆ ಆ ಕ್ಷಣವೇ ಅರ್ಥವಾಗುತ್ತದೆ.

ಕ್ರಾಲ್‌ಗೆ "ತೆವಳು" ಬೇಡ. ಇಂಗ್ಲಿಷಿನಲ್ಲಿ ಬಲೆಯ ಮೇಲೆ ಓಡಾಡುವ ಜೇಡ ಆ ಪದದ ಹಿಂದಿದೆ. ನಮ್ಮಲ್ಲಿ ತೆವಳುವುದು ಮಗು, ಹಾವು, ಹುಳು. "ಜಾಲಾಡು" ಎಂಬುದಕ್ಕೆ ಆಸೆಯಾಗುತ್ತದೆ, ಜಾಲವೂ ಅದರೊಳಗಿದೆ. ಆದರೆ ಮನೆಯೆಲ್ಲ ಜಾಲಾಡಿದರು ಎಂದರೆ ಕಳೆದುಹೋದ ಯಾವುದೋ ಒಂದು ವಸ್ತು ಮನಸ್ಸಿನಲ್ಲಿದೆ ಎಂದರ್ಥ. ಕ್ರಾಲರ್‌ಗೆ ಅಂಥ ಗುರಿಯಿಲ್ಲ. ಒಂದು ಪುಟದಲ್ಲಿರುವ ಕೊಂಡಿ ಹಿಡಿದು ಇನ್ನೊಂದಕ್ಕೆ ಹೋಗುತ್ತದೆ, ಸಿಕ್ಕಿದ್ದನ್ನು ಓದಿಕೊಂಡು ಹೋಗುತ್ತದೆ. ಸಾಲದ್ದಕ್ಕೆ ಮನುಷ್ಯರು ಇಂಟರ್ನೆಟ್ಟಿನಲ್ಲಿ ಅಡ್ಡಾಡುವುದಕ್ಕೂ "ಜಾಲಾಟ" ಎನ್ನುವ ರೂಢಿ ಬಂದಿದೆ. ನನ್ನ ಸಲಹೆ "ಓದಿಕೊಂಡು ಹೋಗು". ಗೂಗಲ್‌ನ ಕ್ರಾಲರ್ ಹೆಸರು ಗೂಗಲ್‌ಬಾಟ್: "ಗೂಗಲ್‌ಬಾಟ್ ನಿನ್ನೆ ಈ ಪುಟ ಓದಿಕೊಂಡು ಹೋಗಿದೆ." ವಿವರಣೆಯೇ ಬೇಕಾಗಿಲ್ಲ. ಯಂತ್ರದ ಹೆಸರಾಗಿ "ಕ್ರಾಲರ್" ಹಾಗೇ ಇರಲಿ.

ಈ ಎರಡು ಪದಗಳಿದ್ದರೆ, ತಾಣದ ಒಡೆಯರಿಗೆ ಗೂಗಲ್ ಕೊಡುವ ವರದಿ-ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಎಲ್ಲರನ್ನೂ ಗೊಂದಲಕ್ಕೆ ಕೆಡವುವ ಎರಡು ಸ್ಥಿತಿಗಳನ್ನು ಬಿಡಿಸಿ ಹೇಳಬಹುದು. ಒಂದು, "ವಿಳಾಸ ಗೊತ್ತು, ಇನ್ನೂ ಓದಿಲ್ಲ, ಸೂಚಿಯಲ್ಲಿಲ್ಲ." ಇನ್ನೊಂದು, "ಓದಿಯಾಗಿದೆ, ಸದ್ಯಕ್ಕೆ ಸೂಚಿಯಲ್ಲಿಲ್ಲ." ಮೊದಲನೆಯದಕ್ಕೆ ತಾಣದ ಮುಖಪುಟದಿಂದಲೋ ಚೆನ್ನಾಗಿ ಓದಿಸಿಕೊಳ್ಳುವ ಹಳೆಯ ಲೇಖನದಿಂದಲೋ ಈ ಪುಟಕ್ಕೆ ಕೊಂಡಿ ಕೊಡಬೇಕು, ಸರ್ವರ್ ನಿಧಾನವಾಗಿದೆಯೇ ನೋಡಬೇಕು. ಎರಡನೆಯದಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಓದಿ ಬಿಟ್ಟುಹೋಗಿದೆ ಎಂದರೆ ಪುಟದಲ್ಲೇ ಏನೋ ಇದೆ: ಬೇರೆಡೆ ಇರುವುದರ ನಕಲು, ಎರಡೇ ಸಾಲಿನ ಬರಹ, ಒಂದೇ ಲೇಖನಕ್ಕೆ ಎರಡು ವಿಳಾಸ.

ಪದ ಬೆರೆತರೆ ಆಗುವ ಹಾನಿಗೆ ಒಂದು ಉದಾಹರಣೆ. ತಾಣದ ಮೂಲ ಫೋಲ್ಡರಿನಲ್ಲಿರುವ ರೋಬಾಟ್ಸ್ ಕಡತ (robots.txt) "ಓದಬೇಡ" ಎನ್ನುತ್ತದೆ. ಪುಟದೊಳಗಿನ ನೋಇಂಡೆಕ್ಸ್ ಗುರುತು "ಸೂಚಿಗೆ ಸೇರಿಸಬೇಡ" ಎನ್ನುತ್ತದೆ. ಒಂದು ಪುಟವನ್ನು ಮರೆಮಾಡಬೇಕೆಂದು ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ಓದಬೇಡ ಎಂದ ಮೇಲೆ ಒಳಗಿನ ಗುರುತನ್ನು ಯಂತ್ರ ನೋಡುವುದೆಲ್ಲಿಂದ? ಬೇರೆ ತಾಣಗಳು ಕೊಂಡಿ ಕೊಟ್ಟಿದ್ದರೆ ಆ ವಿಳಾಸ ವಿವರಣೆಯಿಲ್ಲದೆ ಫಲಿತಾಂಶದಲ್ಲಿ ಕಾಣಿಸಿಕೊಳ್ಳಬಹುದು. ಮರೆಮಾಡಬೇಕಾದರೆ ಓದಲು ಬಿಡಬೇಕು, ಒಳಗೆ ನೋಇಂಡೆಕ್ಸ್ ಇಡಬೇಕು.

"ಶ್ರೇಯಾಂಕ" ಕ್ರಿಕೆಟ್, ಟೆನಿಸ್‌ಗೆ ಇರಲಿ. ಅಲ್ಲಿ ಆಟಗಾರನಿಗೆ ಅಂಟಿಕೊಂಡ ಅಂಕಿ ಅದು, ಅದರಲ್ಲಿ ಶ್ರೇಯಸ್ಸೂ ಇದೆ. ಪುಟಕ್ಕೆ ಅಂಟಿದ ಅಂಥ ಒಂದು ಅಂಕಿ ಇಲ್ಲ. ಅದೇ ಪುಟ "ಮಾವಿನ ಕಸಿ" ಎಂದರೆ 2ನೆಯದು, "ಕಸಿ ಮಾಡುವುದು ಹೇಗೆ" ಎಂದರೆ 30ನೆಯದು. "ಸ್ಥಾನ" ಎನ್ನಿ, ಯಾವ ಪದಕ್ಕೆ ಎಂಬುದನ್ನೂ ಜೊತೆಗೇ ಹೇಳಿ.

ಉತ್ತರ 2

"ಶೋಧ" ಬಿಡುವ ಮುನ್ನ ಅಡುಗೆಮನೆ ಕಡೆ ಒಮ್ಮೆ ನೋಡಿ. ಹುಣಸೆರಸ ಶೋಧಿಸಿ, ಕಷಾಯ ಬಟ್ಟೆಯಲ್ಲಿ ಶೋಧಿಸಿ ಎನ್ನುತ್ತೇವೆ. ಸಂಸ್ಕೃತದ ಮೂಲದಲ್ಲಿ ಅದು ಶುದ್ಧಿ ಮಾಡುವುದೇ. ಹುಡುಕುವ ಅರ್ಥವೂ ಸೋಸುವ ಅರ್ಥವೂ ಕನ್ನಡದಲ್ಲಿ ಒಂದೇ ಪದದೊಳಗೆ ಉಳಿದಿವೆ. ಸರ್ಚ್ ಎಂಜಿನ್ ಮಾಡುವುದೂ ಈ ಎರಡನ್ನೇ: ಸೂಚಿಯಲ್ಲಿ ಹುಡುಕುತ್ತದೆ, ಸಿಕ್ಕ ರಾಶಿಯನ್ನು ಸೋಸಿ ಮೇಲಿನ ಹತ್ತನ್ನು ಎದುರಿಗಿಡುತ್ತದೆ. ಆದ್ದರಿಂದ ಯಂತ್ರಕ್ಕೆ "ಶೋಧಯಂತ್ರ" ಬಹಳ ಒಳ್ಳೆಯ ಪದ. ಓದುಗ ಮಾಡುವುದಕ್ಕೆ "ಹುಡುಕು". ಗುಂಡಿಯ ಮೇಲೂ "ಹುಡುಕು" ಎಂದೇ ಇರಲಿ. ಕನ್ನಡ ವಿಕಿಪೀಡಿಯದಲ್ಲಿ ಹಾಗೇ ಇದೆ.

ಫೀಡ್‌ನಲ್ಲಿ ಹುಡುಕುವ ಭಾಗವೇ ಇಲ್ಲ, ಸೋಸುವುದಷ್ಟೇ. ಫೇಸ್‌ಬುಕ್ 2006ರ ಸೆಪ್ಟೆಂಬರ್‌ನಲ್ಲಿ ನ್ಯೂಸ್ ಫೀಡ್ ಶುರು ಮಾಡಿತು, 2022ರಲ್ಲಿ ಹೆಸರಿನಿಂದ "ನ್ಯೂಸ್" ತೆಗೆಯಿತು. ಇನ್‌ಸ್ಟಾಗ್ರಾಂ 2016ರಲ್ಲಿ ಹೊತ್ತಿನ ಕ್ರಮ ಕೈಬಿಟ್ಟು ತಾನೇ ಆರಿಸಿ ತೋರಿಸತೊಡಗಿತು. ಗೂಗಲ್ ಕೂಡ 2018ರಿಂದ ಡಿಸ್ಕವರ್ ಎಂಬ ಹೆಸರಿನಲ್ಲಿ, ಏನೂ ಕೇಳದೆಯೇ ಲೇಖನಗಳನ್ನು ಮುಂದಿಡುತ್ತಿದೆ. "ಉಣಿಸು", "ಮೇವು" ಎಂದು ಅನುವಾದಿಸಿದರೆ ಓದುಗ ದನದಂತೆ ಕಾಣುತ್ತಾನೆ. ಕ್ರಿಯೆಗೆ ನಮ್ಮಲ್ಲಿ ಸಲೀಸಾದ ನುಡಿಗಟ್ಟಿದೆ: "ಕಣ್ಣಿಗೆ ಬೀಳು". ಹುಡುಕಿದರೆ ಸಿಗುತ್ತದೆ, ಫೀಡ್‌ನಲ್ಲಿ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನ ಡಿಸ್ಕವರಿಯಲ್ಲಿ ಕಂಡುಹಿಡಿದವನು ಓದುಗ. ಕಣ್ಣಿಗೆ ಬೀಳುವುದರಲ್ಲಿ ಕರ್ತೃ ಲೇಖನ, ಓದುಗನ ಪಾತ್ರ ನೋಡುವುದಷ್ಟೇ. ಫೀಡಿನಲ್ಲಿ ನಡೆಯುವುದನ್ನು ನಮ್ಮ ವ್ಯಾಕರಣವೇ ಸರಿಯಾಗಿ ಹೇಳುತ್ತಿದೆ.

ಉತ್ತರ 3

ಪದ ಯಾವುದಾದರೂ ಆಗಲಿ, ಅದನ್ನು ಹೇಗೆ ಬರೆಯುತ್ತೀರಿ ಎಂಬುದನ್ನೂ ಕೈಪಿಡಿ ಹೇಳಬೇಕು. ಇಲ್ಲದಿದ್ದರೆ ಕೈಪಿಡಿಯೇ ಹುಡುಕಿದರೆ ಸಿಗುವುದಿಲ್ಲ.

ಇದೇ ಎಳೆಯಲ್ಲಿರುವ "ರ‍್ಯಾಂಕ್" ನೋಡಿ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಹೇಳುವ ಕ್ರಮ: ರ, ಜೋಡಕ (ಅಕ್ಷರ ಕೂಡುವ ಬಗೆ ಹೇಳುವ ಕಾಣದ ಗುರುತು), ಹಲಂತ, ಯ. ದಶಮಾಂಶದಲ್ಲಿ 3248, 8205, 3277, 3247. ಜೋಡಕ ಬಿಟ್ಟರೆ "ರ್ಯಾಂಕ್" ಆಗಿ ಅರ್ಕಾವತ್ತು ಬರುತ್ತದೆ. ಜೋಡಕವನ್ನು ಹಲಂತದ ನಂತರ ಇಟ್ಟವರೂ ಇದ್ದಾರೆ. ಓದುವವನಿಗೆ ಎಲ್ಲವೂ ಒಂದೇ ಪದ, ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಮೂರು ಪದ. "ಸಾಫ್ಟ್‌ವೇರ್" ಎಂಬುದರ ನಡುವೆ ಬರುವ ಬಿಡಿಸುವ ಗುರುತು 8204 ಕೂಡ ಹಾಗೇ, ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಒಕಾರವನ್ನು ಎರಡು ತುಂಡಾಗಿ ಬರೆದಿದ್ದರೆ ಯೂನಿಕೋಡ್ ಸಾಮಾನ್ಯೀಕರಣ ಒಂದು ಮಾಡಿಕೊಡುತ್ತದೆ. ಈ ಕಾಣದ ಗುರುತುಗಳನ್ನು ಅದು ಮುಟ್ಟುವುದಿಲ್ಲ. ನಿಮ್ಮ ತಾಣದ ಒಳಗಿನ ಹುಡುಕು ಪೆಟ್ಟಿಗೆಗೆ ಸೂಚಿ ಕಟ್ಟುವಾಗ 8204, 8205 ಎರಡನ್ನೂ ಸೂಚಿಯಿಂದಲೂ ಓದುಗ ಬರೆದ ಪದದಿಂದಲೂ ತೆಗೆದುಹಾಕಿ. ತೋರಿಸುವ ಪುಟದಲ್ಲಿ ಮಾತ್ರ ಇರಲಿ.

ಇದಕ್ಕಿಂತ ಕೆಟ್ಟದ್ದು ಸೊನ್ನೆ. "ಅಂಗಡಿ", "ಅ೦ಗಡಿ" ಎರಡನ್ನೂ ಹತ್ತಿರದಿಂದ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡ ಅಂಕಿ ಸೊನ್ನೆ. ಅನುಸ್ವಾರ 3202, ಸೊನ್ನೆ 3302. ಕಣ್ಣಿಗೆ ಬಹುತೇಕ ಒಂದೇ, ಹಾಗಾಗಿ ಕರಡು ತಿದ್ದುವವರಿಗೂ ಕಾಣದೆ ದಾಟಿಹೋಗುತ್ತದೆ. ಇಡೀ ಕಡತದಲ್ಲಿ ಸೊನ್ನೆಯನ್ನೆಲ್ಲ ಬದಲಿಸಿದರೆ ೨೦೧೦ ಕೆಡುತ್ತದೆ. ಕನ್ನಡ ಅಕ್ಷರದ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನಷ್ಟೇ ಬದಲಿಸಬೇಕು.

ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ಗಳ ಕಥೆ ಇನ್ನೂ ಬೇರೆ. ನುಡಿಯ ಹಳೆಯ ಸಂಕೇತದಲ್ಲಿ "ಕನ್ನಡ" ಎಂಬುದು ಒಳಗೆ ಏಳು ಲ್ಯಾಟಿನ್ ಚಿಹ್ನೆ, ಅದರಲ್ಲೊಂದು ಬ್ರಿಟಿಷ್ ಪೌಂಡಿನ ಗುರುತು. ಮುದ್ರಿಸಿದರೆ ಕನ್ನಡ, ಶೋಧಯಂತ್ರಕ್ಕೆ ಅರ್ಥವಿಲ್ಲದ ಸಾಲು. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಕನ್ನಡ ಬಾರದಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಏರಿಸಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಂದಲೇ ನೋಡಬೇಕು, ತಪ್ಪು ಉಳಿಯುವುದು ಅಲ್ಲೇ.

ಹ್ಯಾಶ್‌ಟ್ಯಾಗ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ವಿಭಕ್ತಿ ಹತ್ತಿದರೆ ಅದು ಬೇರೆಯೇ ಟ್ಯಾಗ್. #ಯಕ್ಷಗಾನ ಒತ್ತಿದವರಿಗೆ #ಯಕ್ಷಗಾನದಲ್ಲಿ ಎಂದು ಬರೆದ ಪೋಸ್ಟ್ ಆ ಟ್ಯಾಗಿನಡಿ ಸಿಗುವುದಿಲ್ಲ. ವಾಕ್ಯದೊಳಗೆ ವಿಭಕ್ತಿ ಸಹಿತ ಸಹಜವಾಗಿ ಬರೆಯಿರಿ, ಟ್ಯಾಗನ್ನು ಕೊನೆಯಲ್ಲಿ ಬರಿಯ ನಾಮಪದವಾಗಿ ಇಡಿ. ಕನ್ನಡ ಸಾಲುಗಳನ್ನು ಚಿತ್ರದ ಮೇಲೆ ಬರೆದು ಹಾಕುವವರು ಅದೇ ಸಾಲನ್ನು ಪೋಸ್ಟಿನ ಪಠ್ಯದಲ್ಲೂ ಚಿತ್ರದ ಬದಲಿ ಪಠ್ಯದಲ್ಲೂ (ಆಲ್ಟ್ ಟೆಕ್ಸ್ಟ್) ಕೊಡಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದ. "ಓದಿಕೊಂಡು ಹೋಗು", "ಸೂಚಿಗೆ ಸೇರು", "ಸ್ಥಾನ" ಮೂರನ್ನೂ ತೆಗೆದುಕೊಂಡಿದ್ದೇವೆ. ಮೊದಲ ಪುಟದ ಸಾಲು ಈಗ ಹೀಗಿದೆ: "ಗೂಗಲ್‌ನಲ್ಲಿ ಬರುತ್ತಿಲ್ಲ ಎನ್ನುವ ಮುನ್ನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಪುಟದ ವಿಳಾಸ ಕೊಡಿ. ಪುಟ ಸಿಕ್ಕಿದರೆ ಸೂಚಿಯಲ್ಲಿದೆ, ತೊಂದರೆ ಸ್ಥಾನದ್ದು. ಸಿಗದಿದ್ದರೆ ಸರ್ಚ್ ಕನ್ಸೋಲ್‌ನಲ್ಲಿ ಓದಿಕೊಂಡು ಹೋಗಿದೆಯೇ ನೋಡಿ."

ಫೀಡಿಗೆ ಕ್ರಿಯಾಪದ ಸಿಕ್ಕಿತು, ನಾಮಪದ ಇನ್ನೂ ಬಾಕಿ. ಕರಾವಳಿಯಲ್ಲೋ ಉತ್ತರ ಕರ್ನಾಟಕದಲ್ಲೋ, ಕೇಳದೆಯೇ ಒಂದಾದ ಮೇಲೊಂದು ಎದುರಿಗೆ ಬಂದು ಬೀಳುವುದಕ್ಕೆ ಮಾತಿದ್ದರೆ ಬರೆಯಿರಿ.