ಸಹಾಯ ಬೇಕು: ಹಾಡಿಗೂ ಸಿನಿಮಾಕ್ಕೂ ಹೊಂದುವ ಸೌಂಡ್ ಸಿಸ್ಟಮ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿದೆ. ಹಾಲ್ 12 ಅಡಿ ಅಗಲ, 15 ಅಡಿ ಉದ್ದ. ಬಜೆಟ್ 40,000 ರೂಪಾಯಿ.

ಅಪ್ಪನಿಗೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಹಾಡು ಅಂದರೆ ಜೀವ. ಇಲ್ಲೇ ಹತ್ತಿರದ ನಮ್ಮ ಸುಳೇಭಾವಿಯಲ್ಲೇ ಹುಟ್ಟಿದವರು, ಅಲ್ವಾ! ತಂಬೂರಿಯ ನಾದ, ಹಾಡಿನ ನಡುವೆ ಎಳೆದುಕೊಳ್ಳುವ ಉಸಿರು ಕೂಡ ಅಪ್ಪನಿಗೆ ಕೇಳಬೇಕು. ಮಕ್ಕಳಿಗೆ ಸಿನಿಮಾ.

ಅಂಗಡಿಯಲ್ಲಿ 5.1 (ಐದು ಚಾನೆಲ್ ದನಿ, ಜೊತೆಗೆ ತಗ್ಗು ದನಿಗೆ ಒಂದು ಸಬ್‌ವೂಫರ್) ಸೌಂಡ್‌ಬಾರ್ ಕೇಳಿಸಿದರು. ಗುಡುಗು ಜೋರಾಗಿತ್ತು, ಆದರೆ ಹಾಡು ಹಾಕಿದಾಗ ದನಿ ತೆಳುವಾಯಿತು. ಸುಮ್ನೆ ಸ್ಪೀಕರ್ ಜಾಸ್ತಿ ಮಾಡುವ ಬದಲು ಒಂದು ಸ್ಟೀರಿಯೋ ಆಂಪ್ಲಿಫೈಯರ್, ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಸಾಕು ಅನಿಸುತ್ತಿದೆ. ಮಾತಿಗೆಂದು ನಡುವೆ ಇಡುವ ಸೆಂಟರ್ ಸ್ಪೀಕರ್ ಇಲ್ಲದೆ ಸಿನಿಮಾದ ಮಾತು ಸ್ಪಷ್ಟವಾಗಿ ಕೇಳುತ್ತದೆಯೇ? ಟಿವಿಯಲ್ಲಿ ಅದರ ದನಿಯನ್ನು ಹೊರಗಿನ ಸೌಂಡ್ ಸಿಸ್ಟಮ್‌ಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಇದೆ. ನೆಲ ಗ್ರಾನೈಟ್, ದನಿ ಮಾರ್ದನಿಸುತ್ತದೆ. ಜಮಖಾನೆ ಹಾಸಿದರೆ ಸಾಕೇ?

ಇಂಥ ಜೋಡಿ ಬಳಸಿದವರು ದಯವಿಟ್ಟು ಹೇಳಿ.