ಮೂರಡಿ ನಾಲ್ಕಡಿ

“ಅಪ್ರೂವಲ್ ಆಗಲಿಲ್ಲ” ಎಂದು ಎರ್ರಿಸ್ವಾಮಿ ಮಿರ್ಚಿಯ ತೊಟ್ಟು ಕಿತ್ತು ಎಸೆದ.

“ಮಗನಿಗೆ ನೋಡಿದ ಹುಡುಗಿಯೇ?” ಹುಸೇನ್ ಸಾಬರು ಮರುಗಿದರು.

“ಹುಡುಗಿಯಲ್ಲ ಸಾಬರೇ, ಪಾಯಿಖಾನೆ.”

ಈ ಮಾತಿಗೆ ಬಾಣಲೆಯ ಎಣ್ಣೆಯೂ ಒಂದು ಗಳಿಗೆ ಸುಮ್ಮನಾಯಿತು ಎಂದು ಬರೆಯಬಹುದಿತ್ತು. ಆದರೆ ಬಳ್ಳಾರಿಯ ಮಿರ್ಚಿ ಬಂಡಿಯ ಎಣ್ಣೆ ಯಾರ ಕಷ್ಟಕ್ಕೂ ಸುಮ್ಮನಾಗುವಂಥದ್ದಲ್ಲ. ಏಪ್ರಿಲ್ ತಿಂಗಳು, ಸಂಜೆ ಆರೂವರೆ. ಕೂತ ಕಟ್ಟೆಯ ಕಲ್ಲು ಇನ್ನೂ ರೊಟ್ಟಿ ಹೆಂಚಿನ ಹಾಗೆ ಸುಡುತ್ತಿತ್ತು.

“ಅದಕ್ಕೂ ಅಪ್ರೂವಲ್ಲೇ?” ಗಾದಿಲಿಂಗ ಬೆರಗಾದ. “ನಮ್ಮ ಹಳ್ಳಿಯಲ್ಲಿ ಕಟ್ಟಿಸಿಕೊಳ್ಳಿ ಎಂದು ಕಾಲು ಹಿಡಿಯುವುದೊಂದು ಬಾಕಿ. ಸ್ವಚ್ಛ ಭಾರತದಲ್ಲಿ ಮನೆಗೆ 12,000 ರೂಪಾಯಿ ಕೊಟ್ಟು ಫೋಟೊ ತೆಗೆದುಕೊಂಡು ಹೋದರು.”

“ಈಗ ಅದರೊಳಗೆ ಏನಿದೆ?” ತಿಪ್ಪೇಸ್ವಾಮಿ ಮೇಷ್ಟ್ರು ಕೇಳಿದರು.

“ನಮ್ಮ ಅಕ್ಕನ ಮನೆಯದರಲ್ಲಿ ಶೇಂಗಾ ಚೀಲ.”

“ಅದೇ ನೋಡು. ಅಲ್ಲಿ ಹೋಗುವವರಿಲ್ಲದಿದ್ದರೂ ಕಟ್ಟಿಸುತ್ತಾರೆ, ಇಲ್ಲಿ ಹೋಗಬೇಕಾದವರು ಹೊಟ್ಟೆ ಹಿಡಿದು ನಿಂತಿದ್ದರೂ ಕಟ್ಟಬಿಡುವುದಿಲ್ಲ.”

ಅಪ್ರೂವಲ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಮೇಷ್ಟ್ರಿಗೆ ಪಿತ್ತ ಕೆರಳುತ್ತದೆ. ಮೊದಲು ಪರವಾನಗಿ ಎನ್ನುತ್ತಿದ್ದೆವು, ಅದನ್ನು ಕೇಳುವುದಕ್ಕೆ ಒಂದು ಜಾಗ, ಕೊಡುವುದಕ್ಕೆ ಒಬ್ಬ ಮನುಷ್ಯ ಇದ್ದ. ಈಗ ಸಾಲಕ್ಕೆ ಅಪ್ರೂವಲ್, ಸಂಬಂಧಕ್ಕೆ ಅಪ್ರೂವಲ್, ಸೊಸೆ ಸಾರಿಗೆ ಹಾಕಿದ ಉಪ್ಪಿಗೂ ಅಪ್ರೂವಲ್ ಎಂಬುದು ಅವರ ಹಳೆಯ ದೂರು.

“ಕಥೆ ಮೊದಲಿನಿಂದ ಹೇಳು.”

ಎರ್ರಿಸ್ವಾಮಿ ಹೇಳಿದ. ಹಿತ್ತಲಲ್ಲಿ ಒಂದು ಪಾಯಿಖಾನೆ ಇದ್ದೇ ಇದೆ. ಆದರೆ ಆರು ಮೆಟ್ಟಿಲು ಇಳಿಯಬೇಕು, ಅವ್ವನಿಗೆ ಮೊಣಕಾಲು ನೋವು. ಅವಳ ಕೋಣೆಗೆ ಹೊಂದಿದ ಮೂಲೆಯಲ್ಲಿ ಮೂರಡಿ ನಾಲ್ಕಡಿಯ ಒಂದು ಗೂಡು ಕಟ್ಟಿಬಿಡೋಣ ಎಂದು ಇಟ್ಟಿಗೆ ಇಳಿಸಿದ್ದ. ಇಟ್ಟಿಗೆ ಕಂಡವರು ಯಾರೋ ತಿಳಿಸಿದರು. ಇದು ಕಟ್ಟಡದ ಮಾರ್ಪಾಡು, ನಕ್ಷೆ ತಾ ಎಂದು ಕಚೇರಿಯವರು ಅಂದರು. ನಕ್ಷೆಗೆ ಖಾತೆ ಬೇಕು. ಖಾತೆ ಅಪ್ಪನ ಹೆಸರಿನಲ್ಲಿದೆ, ಅಪ್ಪ ಗೋಡೆಯ ಮೇಲೆ ಹಾರ ಹಾಕಿಕೊಂಡಿದ್ದಾನೆ. ಮರಣ ಪತ್ರ, ವಂಶವೃಕ್ಷ, ತೆರಿಗೆ ರಸೀದಿ ಎಲ್ಲ ಹೊತ್ತು ಹೋದರೆ ನಾಳೆ ಬಾ.

“ಹಿಂದೆ ದೆವ್ವ ಒಳಗೆ ಬರಬಾರದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು” ಎಂದರು ಮೇಷ್ಟ್ರು. “ಆ ವಿದ್ಯೆ ಈಗ ಕಚೇರಿಗೆ ಹೋಗಿದೆ. ದೆವ್ವ ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.”

“ನಕ್ಷೆಯವನದು ಇನ್ನೊಂದು ಬಗೆ. ಪಾಯಿಖಾನೆ ಕನಿಷ್ಠ 1.1 ಚದರ ಮೀಟರ್, ಅಗಲ 0.9 ಮೀಟರ್ ಇರಬೇಕಂತೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆಯಂತೆ.”

ಮೇಷ್ಟ್ರು ಮೂವತ್ತು ವರ್ಷ ಗಣಿತ ಹೇಳಿದವರು. ಮಿರ್ಚಿ ಕಟ್ಟಿದ ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿ, “ಮೂರಡಿ ನಾಲ್ಕಡಿ ಎಂದರೆ 12 ಚದರ ಅಡಿ, 1.11 ಚದರ ಮೀಟರ್. ಕೂದಲೆಳೆಯಲ್ಲಿ ಪಾಸಾಗಿದ್ದೀಯಲ್ಲ!” ಎಂದರು.

“ಗಿಲಾವು?” ಎಂದರು ಹುಸೇನ್ ಸಾಬರು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದ ಕೈ ಅವರದು. “ಗೋಡೆಗೆ ಅರ್ಧ ಇಂಚು ಗಿಲಾವು ಬರುತ್ತದೆ. ಎದುರುಬದುರು ಸೇರಿದರೆ ಒಂದಿಂಚು ಒಳಗೆ ಬಂತು.”

ಮೇಷ್ಟ್ರು ಮತ್ತೆ ಬರೆದರು. ಮೂವತ್ತೈದು ಇಂಚು, ನಲವತ್ತೇಳು ಇಂಚು. 1.06. ಅಗಲವೂ 0.89ಕ್ಕೆ ಬಂತು. “ಫೇಲು! ಬರೀ ಇಟ್ಟಿಗೆಯಲ್ಲಿ ಬಿಟ್ಟರೆ ಕಾನೂನು ಪ್ರಕಾರ, ಗಿಲಾವು ಮಾಡಿಸಿದರೆ ಅಪರಾಧ. ನಿಮ್ಮ ಅವ್ವ ದಿನಾಲೂ ಗೋಡೆಗೆ ಕೈ ಊರಿ ಊರಿ ಗಿಲಾವು ಸವೆಸಿದರೆ ಹತ್ತು ವರ್ಷಕ್ಕೆ ಸಕ್ರಮವಾಗುತ್ತದೆ.”

“ಹಾಗಾದರೆ ಮಾಳಿಗೆಯ ಮೆಟ್ಟಿಲ ಕೆಳಗೆ ಕಟ್ಟು” ಎಂದ ಗಾದಿಲಿಂಗ.

“ಕೇಳಿದೆ. ಎತ್ತರ 2.1 ಮೀಟರ್ ಬೇಕಂತೆ.”

“ಅಲ್ಲಿ ಎದ್ದು ನಿಂತು ಮಾಡುವ ಕೆಲಸವೇನಿದೆ?”

ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಪ್ರಶ್ನೆ ಅಷ್ಟು ನ್ಯಾಯವಾಗಿತ್ತು.

“ಹಳೆಯ ಗುಂಡಿಗೇ ಪೈಪು ಬಿಡುತ್ತೇನೆ ಎಂದೆ. ಎಲ್ಲಿದೆ ತೋರಿಸು ಎಂದ. ತೋರಿಸಿದ್ದೇ ತಪ್ಪಾಯಿತು. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗಳಿಂದ ಇಂಗುಗುಂಡಿ 18 ಮೀಟರ್ ದೂರವಿರಬೇಕಂತೆ.”

“ನಿನ್ನ ಸೈಟು?”

“ಮೂವತ್ತು ನಲವತ್ತು.”

ಮೇಷ್ಟ್ರ ಕಣ್ಣು ಹೊಳೆದವು. ಪೈಥಾಗೊರಸನನ್ನು ಕರೆಯಲು ಇಷ್ಟು ಒಳ್ಳೆಯ ಸಂದರ್ಭ ನಿವೃತ್ತಿಯ ನಂತರ ಅವರಿಗೆ ಒದಗಿರಲಿಲ್ಲ. “ಮೂಲೆಯಿಂದ ಮೂಲೆಗೆ ಕರ್ಣ ಎಳೆದರೂ 50 ಅಡಿ. 18 ಮೀಟರ್ ಎಂದರೆ 59. ಬೋರು ಒಂದು ತುದಿ, ಗುಂಡಿ ಇನ್ನೊಂದು ತುದಿ ಇಟ್ಟರೂ ಗುಂಡಿ ಒಂಬತ್ತು ಅಡಿ ಪಕ್ಕದ ಮನೆಯೊಳಗೆ ಹೋಗುತ್ತದೆ. ಅವರ ದೇವರ ಕೋಣೆ ಯಾವ ಕಡೆ ಇದೆ?” ಆಮೇಲೆ ದನಿ ಇಳಿಸಿ, “ನಿಯಮ ಸುಳ್ಳಲ್ಲಪ್ಪಾ. ಹೊಲಸು ಮಣ್ಣಿನಲ್ಲಿ ಇಳಿದು ನೀರಿಗೆ ಸೇರುತ್ತದೆ. ಸೈಟು ಅಳೆದು ಮಾರಿದವರು ಈ ಲೆಕ್ಕ ಮಾಡಬೇಕಿತ್ತು” ಎಂದರು.

“ಇದರ ನಡುವೆ ವಾಸ್ತುವಿನವನು ಬೇರೆ...”

“ಅವನನ್ನು ಯಾರು ಕರೆದರು?”

“ನನ್ನ ಹೆಂಡತಿ. ಮೊಬೈಲಿನಲ್ಲಿ ದಿಕ್ಕು ನೋಡಿ, ನೀನು ಕಟ್ಟುವುದು ಈಶಾನ್ಯ, ದೇವಮೂಲೆ ಎಂದ. ಅಷ್ಟರಲ್ಲಿ ಅದಿರಿನ ಲಾರಿ ಹೋಯಿತು, ಮುಳ್ಳು ಗಿರ್ರನೆ ತಿರುಗಿ ವಾಯವ್ಯ ಎಂದಿತು.”

“ಬಳ್ಳಾರಿಯಲ್ಲಿ ಈಶಾನ್ಯವೂ ಸಂಡೂರಿನ ಲಾರಿಯ ಮಾತು ಕೇಳುತ್ತದೆ” ಎಂದು ಮೇಷ್ಟ್ರು ಮೇಲೆದ್ದು ಕೋಟೆ ಗುಡ್ಡದ ಕಡೆ ಕೈ ಮಾಡಿದರು. “ನಮ್ಮ ಊರಿಗೆ ಇದು ಹೊಸದಲ್ಲ. ಹೈದರಾಲಿ ಆ ಕೋಟೆಯನ್ನು ಫ್ರೆಂಚ್ ಇಂಜಿನಿಯರನಿಂದ ಕಟ್ಟಿಸಿದ, ಕಟ್ಟಿ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಇನ್ನೂ ಎತ್ತರ, ಅದಕ್ಕೆ ಅವನನ್ನು ಗಲ್ಲಿಗೇರಿಸಿದ ಎಂದು ಹಿರಿಯರು ಕಥೆ ಹೇಳುತ್ತಾರಲ್ಲ. ಆಗ ಅಳತೆ ತಪ್ಪಿದರೆ ಇಂಜಿನಿಯರನಿಗೆ ಗಲ್ಲು. ಈಗ ಅಳತೆ ಹೇಳಿದ್ದಕ್ಕೆ ಅವನಿಗೆ ಫೀಜು, ಗಲ್ಲು ನಿನಗೆ. ಆರಡಿ ಮೂರಡಿಗೆ ಹೋಗುವವನನ್ನು ನಕ್ಷೆ ತಾ ಎಂದು ಯಾರೂ ತಡೆಯುವುದಿಲ್ಲ, ಮೂರಡಿ ನಾಲ್ಕಡಿಗೆ ಮಾತ್ರ ಇಷ್ಟು ಜನ ಕಾವಲು.”

“ಜಾಗ ನೋಡೋಣ ನಡೆಯಿರಿ” ಎಂದು ಹುಸೇನ್ ಸಾಬರು ಜೇಬಿನಿಂದ ಟೇಪು ತೆಗೆದರು. ನಿವೃತ್ತರಾದರೂ ಟೇಪು ಬಿಟ್ಟಿಲ್ಲ.

ಎರ್ರಿಸ್ವಾಮಿಯ ಮನೆಯಲ್ಲಿ ನಾಲ್ವರೂ ಆ ಮೂಲೆಯಲ್ಲಿ ನಿಂತರು. ನಾಲ್ವರು ನಿಂತ ಮೇಲೆ ಮೂಲೆಯೇ ಕಾಣಲಿಲ್ಲ. ಗಿಲಾವು ತೆಳ್ಳಗೆ ಮಾಡೋಣ ಎಂದು ಒಬ್ಬರು, ಬಾಗಿಲು ಹೊರಗೆ ತೆರೆಯಲಿ ಎಂದು ಇನ್ನೊಬ್ಬರು. ಕಮೋಡೋ ಕೂರುವುದೋ ಎಂಬ ಜಗಳ ಬೇರೆ ಎದ್ದಿತು. ಮೇಷ್ಟ್ರಿಗೆ ತಟ್ಟನೆ ಏನೋ ಹೊಳೆದು, ಮಂಚದ ಮೇಲೆ ಕೂತಿದ್ದ ಮುದುಕಿಯ ಕಡೆ ತಿರುಗಿದರು. “ಅವ್ವಾ, ನಿಮಗೆ ಹೇಗಿರಬೇಕು?”

ಇಷ್ಟು ದಿನ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಕೆ ನಾಚಿದಳು. “ನನಗೇನಪ್ಪಾ. ಒಳಗಡೆ ಒಂದು ಚಿಲಕ ಇರಲಿ. ನಾನು ಮದುವೆಯಾಗಿ ಬಂದಾಗ ಗುಡ್ಡದ ಬುಡಕ್ಕೆ ಹೋಗುತ್ತಿದ್ದೆವು. ಒಬ್ಬಳು ಕೂತರೆ ಒಬ್ಬಳು ದಾರಿ ಕಾಯುವುದು.”

ಎರ್ರಿಸ್ವಾಮಿ ನಕ್ಷೆ ಬಿಡಿಸಿ ನೋಡಿದ. ಐದು ಪ್ರತಿಯಲ್ಲೂ ಚಿಲಕ ಇರಲಿಲ್ಲ.

ಸೊಸೆ ತಂಬಿಗೆ, ಲೋಟ ತಂದಿಟ್ಟಳು. ಸೆಕೆಗೆ ನಾಲ್ವರೂ ಗಟಗಟನೆ ಕುಡಿದರು. ಮೇಷ್ಟ್ರು ಒಂದು ಲೋಟ ತುಂಬಿ ಮುದುಕಿಯ ಮುಂದೆ ಹಿಡಿದರು.

“ಬೇಡಪ್ಪಾ, ಹೊತ್ತು ಮುಳುಗಿದ ಮೇಲೆ ನಾನು ನೀರು ಕುಡಿಯುವುದಿಲ್ಲ.”

“ಈ ಬಿಸಿಲಲ್ಲಿ? ಯಾವಾಗಿನಿಂದ?”

“ಮದುವೆಯಾಗಿ ಬಂದಾಗಿನಿಂದ. ಹಿತ್ತಲಲ್ಲಿ ಕಟ್ಟಿಸಿದ ಮೇಲೆ ನಡುವೆ ಒಂದು ಮೂವತ್ತು ವರ್ಷ ಕುಡಿದೆ.”