ಪಿಸಿಒಎಸ್ ಇರುವ ತಂಗಿ ಮಾತು ಬಿಟ್ಟಿದ್ದಾಳೆ: ಮನೋವೈದ್ಯರಿಗೂ ತೋರಿಸಬೇಕೆ?

ಪ್ರಶ್ನೆ (ಜಮಖಂಡಿಯಿಂದ)

ನನ್ನ ತಂಗಿಗೆ 19 ವರ್ಷ. ವಿಜಯಪುರದ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಳೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದುದರಿಂದ ಕಳೆದ ವರ್ಷ ತೋರಿಸಿದಾಗ ಪಿಸಿಒಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಎಂದು ಹೇಳಿ, ಮಾತ್ರೆ ಬರೆದುಕೊಟ್ಟು, ತೂಕ ಇಳಿಸಲು ತಿಳಿಸಿದರು. ಈಗ ಮುಟ್ಟು ತಕ್ಕಮಟ್ಟಿಗೆ ಸರಿಯಾಗಿದೆ, ಆದರೆ ತಂಗಿ ಮೊದಲಿನಂತಿಲ್ಲ. ರಜೆಗೆ ಊರಿಗೆ ಬಂದಾಗ ಬೆಳಗಿನ ಐದಕ್ಕೇ ಎದ್ದು, ಕನ್ನಡಿಯ ಮುಂದೆ ಮೊಬೈಲಿನ ಬೆಳಕು ಹಿಡಿದುಕೊಂಡು, ಗದ್ದದ ಮೇಲಿನ ಕೂದಲನ್ನು ಒಂದೊಂದಾಗಿ ಕೀಳುತ್ತ ಕುಳಿತಿರುತ್ತಾಳೆ. ಸೋದರಮಾವನ ಮಗಳ ಕುಬಸಕ್ಕೆ ಕರೆದರೆ, “ನಂಗ ಮಕ್ಕಳಾಗಂಗಿಲ್ಲ, ಅಲ್ಲಿ ಬಂದು ಏನ್ ಮಾಡ್ಲಿ ಅಕ್ಕಾ” ಎಂದಳು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬುದು ಅವ್ವನ ಮಾತು. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1 (ಬೆಳಗಾವಿ, ಸ್ತ್ರೀರೋಗ ವೈದ್ಯೆ)

ಖಂಡಿತವಾಗಿ ತೋರಿಸಿ. ಪಿಸಿಒಎಸ್ ಇರುವವರಲ್ಲಿ ಖಿನ್ನತೆ ಮತ್ತು ಆತಂಕ ಉಳಿದ ಹೆಣ್ಣುಮಕ್ಕಳಿಗಿಂತ ಹೆಚ್ಚು ಕಂಡುಬರುತ್ತವೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ರೋಗ ಪತ್ತೆಯಾದಾಗಲೇ ಪ್ರತಿಯೊಬ್ಬರಲ್ಲೂ ಇವೆರಡನ್ನೂ ವಿಚಾರಿಸಬೇಕೆಂದು ಹೇಳಿದೆ. ಆದರೆ ಹೊರರೋಗಿ ವಿಭಾಗದ ಗದ್ದಲದಲ್ಲಿ ತೂಕ, ಮುಟ್ಟು, ಸ್ಕ್ಯಾನಿಂಗ್ ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ ಎಂಬುದನ್ನು ನಾನು ನೋವಿನಿಂದ ಒಪ್ಪಿಕೊಳ್ಳುತ್ತೇನೆ.

ಗಂಡು ಹಾರ್ಮೋನುಗಳು ಹೆಚ್ಚಾಗುವುದರಿಂದ ಮೊಡವೆ ಮತ್ತು ಮುಖದ ಕೂದಲು ಬರುತ್ತವೆ. ದೇಹವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದರಿಂದ ತೂಕ ಏರುವುದು ಸುಲಭ, ಇಳಿಸುವುದು ಕಷ್ಟ. ಇದನ್ನು ಸೋಮಾರಿತನವೆಂದು ಮನೆಯವರು ತಿಳಿದಾಗ ಹುಡುಗಿ ತನ್ನನ್ನೇ ದೂಷಿಸಿಕೊಳ್ಳತೊಡಗುತ್ತಾಳೆ. ಸ್ಕ್ಯಾನಿಂಗಿನಲ್ಲಿ ಕಾಣುವ “ಗುಳ್ಳೆಗಳು” ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ಉಳಿದ, ಅಂಡಾಣು ಇರುವ ಪುಟ್ಟ ಚೀಲಗಳು. ಮಕ್ಕಳಾಗುವುದಿಲ್ಲ ಎಂಬುದೂ ತಪ್ಪು ತಿಳಿವಳಿಕೆ: ಇವರಲ್ಲಿ ಹೆಚ್ಚಿನವರು ತಾಯಂದಿರಾಗುತ್ತಾರೆ, ಕೆಲವರಿಗೆ ಮಾತ್ರ ಅಂಡ ಬಿಡುಗಡೆಯಾಗಲು ಲೆಟ್ರೋಜೋಲ್‌ನಂತಹ ಮಾತ್ರೆ ಬೇಕಾಗುತ್ತದೆ. ಈ ಮಾತನ್ನು ವೈದ್ಯರ ಬಾಯಿಂದಲೇ ಅವಳು ಕೇಳುವಂತೆ ಮಾಡಿ.

ಥೈರಾಯ್ಡ್ ಪರೀಕ್ಷೆಯಾಗಿದೆಯೇ ನೋಡಿ, ಏಕೆಂದರೆ ಅದು ಕುಂದಿದರೂ ಮುಟ್ಟು ಏರುಪೇರಾಗಿ ಮನಸ್ಸು ಮಂಕಾಗುತ್ತದೆ. ಹಾರ್ಮೋನ್ ಮಾತ್ರೆ ಶುರುವಾದ ಮೇಲೆ ಬೇಸರ ಹೆಚ್ಚಿದ್ದರೆ ಅದನ್ನೂ ತಿಳಿಸಿ; ತಾವಾಗಿಯೇ ನಿಲ್ಲಿಸಬೇಡಿ.

ಉತ್ತರ 2 (ಬಾಗಲಕೋಟೆ)

ಅಕ್ಕಾವರೇ, ನಿಮ್ಮ ತಂಗಿಯ ವಯಸ್ಸಿನಲ್ಲಿ ನಾನೂ ಹೀಗೆಯೇ ಇದ್ದೆ. ಊಟಕ್ಕೆ ಕುಳಿತಾಗ ಎರಡನೆಯ ರೊಟ್ಟಿಗೆ ಕೈ ಚಾಚಿದರೆ ಮನೆಯವರೆಲ್ಲ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಹಗಲೆಲ್ಲ ಉಪವಾಸವಿದ್ದು ರಾತ್ರಿ ಕದ್ದು ತಿನ್ನುವ ಅಭ್ಯಾಸ ಅಂಟಿಕೊಂಡದ್ದು ಆಗಲೇ, ಇದನ್ನು ಆಪ್ತಸಮಾಲೋಚಕರಿಗೆ ಹೇಳುವವರೆಗೆ ಯಾರಿಗೂ ಹೇಳಿರಲಿಲ್ಲ. ಅವ್ವನೂ ನನ್ನೊಡನೆ ನಡೆಯಲು ಬರತೊಡಗಿದ ಮೇಲೆ ದಿನಾಲೂ ನಡೆಯುವುದು ಶಿಕ್ಷೆಯೆನಿಸಲಿಲ್ಲ. ಆದ್ದರಿಂದ ತೂಕದ ಮಾತನ್ನು ಕೆಲವು ದಿನ ಮನೆಯಲ್ಲಿ ಯಾರೂ ಎತ್ತದಂತೆ ನೋಡಿಕೊಳ್ಳಿ.

ಸಾಯುವ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮಕ್ಕಳ ವಿಷಯವಾಗಿ ವೈದ್ಯರು ಬರೆದುದನ್ನು ನಿನ್ನೆ ರಾತ್ರಿ ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಇನ್ನೊಮ್ಮೆ ಓದು” ಎಂದಳು. ಶನಿವಾರ ಅವ್ವನನ್ನೂ ಕರೆದುಕೊಂಡು ವಿಜಯಪುರಕ್ಕೆ ಹೋಗುತ್ತಿದ್ದೇನೆ.